ಹಳ್ಳದ ಮೂಲೆಯ ನವಿಲು ತತ್ತಿಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತತ್ತಿಗಳು ಐದಿದ್ದವೋ ಆರಿದ್ದವೋ ನನಗೆ ಖಚಿತವಿಲ್ಲ. ನನ್ನ ದಿನಚರಿಯಲ್ಲಿ ಆರು ಎಂದಿದೆ. ಅತ್ತೆ ಕೊನೆಯವರೆಗೂ ಐದು ಎನ್ನುತ್ತಿದ್ದಳು. ಯಾರು ಎಲ್ಲಿ ನಿಂತಿದ್ದರು, ಅಪ್ಪ ಆ ಮಾತನ್ನು ನಗುತ್ತ ಹೇಳಿದನೋ ಸುಮ್ಮನೆ ಹೇಳಿದನೋ, ಇವನ್ನೆಲ್ಲ ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ನೆನಪು ಯಾವುದು, ನಾನು ಆಮೇಲೆ ತುಂಬಿಸಿದ್ದು ಯಾವುದು ಎಂದು ಬೇರೆ ಮಾಡಲು ಈಗ ಬರುವುದಿಲ್ಲ. ಒಂದು ಮಾತ್ರ ಖಾತ್ರಿ. ಆ ತತ್ತಿಗಳು ಕೆಟ್ಟಿವೆ ಎಂದು ಹೇಳಿದವಳು ನಾನು.

ನಮ್ಮೂರು ಬಳಗಾನೂರಿನಿಂದ ನಡೆದು ಹೋಗುವಷ್ಟು ದೂರ. ಸಂತೆಗೆ ಮಸ್ಕಿ, ಕಚೇರಿ ಕೆಲಸಕ್ಕೆ ಸಿಂಧನೂರು, ಹಬ್ಬಕ್ಕೆ ನೆಂಟರ ಮನೆಗೆಂದರೆ ಲಿಂಗಸುಗೂರು. ನಮ್ಮ ಹೊಲ ಎರೆಭೂಮಿ. ಜೋಳ, ಕುಸುಬೆ, ಹತ್ತಿ ಬೆಳೆಯುತ್ತಿದ್ದೆವು. ಹೊಲದ ಇಳಿಜಾರಿನ ತುದಿಯಲ್ಲಿ ಹಳ್ಳ ತಿರುಗುವ ಕಡೆ ಒಂದು ಮೂಲೆ ಇತ್ತು. ಜಾಲಿ, ಬಾರೆ, ಕಾರೆಯ ಪೊದೆ, ಅಜ್ಜನ ಕಾಲದಿಂದ ಹೊಲದಲ್ಲಿ ಆರಿಸಿ ಹಾಕಿದ ಕಲ್ಲುಗುಪ್ಪೆ. ಅಲ್ಲಿ ನೇಗಿಲು ಹಾಯುತ್ತಿರಲಿಲ್ಲ. ನವಿಲುಗಳು ಇದ್ದದ್ದು ಅಲ್ಲೇ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳೆ ಕಾಯುವುದು ಅವಳ ಪಾಲಿಗೆ ಬಂದ ಕೆಲಸ. ಜೋಳ ಹಾಲು ತುಂಬುವ ಹೊತ್ತಿಗೆ ಕವಣೆ ಹಿಡಿದು ಅಟ್ಟಣೆ ಏರಿದರೆ ಸಂಜೆಯೇ ಇಳಿಯುವುದು. ಗಿಳಿಗೆ ಕಲ್ಲು ಬೀಸುತ್ತಿದ್ದಳು, ಗುಬ್ಬಿಗೆ ಬೀಸುತ್ತಿದ್ದಳು. ನವಿಲಿಗೆ ಬೀಸುತ್ತಿರಲಿಲ್ಲ. ಅಪ್ಪ ಕೇಳಿದರೆ, "ಅವು ಹಾವು ತಿಂತಾವ, ಹುಳಾ ತಿಂತಾವ. ಹತ್ತು ತೆನಿ ಕೂಲಿ ಅನ್ಕೊ ತಮ್ಮಾ" ಎನ್ನುತ್ತಿದ್ದಳು.

ನವಿಲಿನ ಬಗ್ಗೆ ನನಗೆ ಮೊದಲು ಹೇಳಿದ್ದು ಅವಳೇ. ಗರಿಯ ಹೊರೆ ಗಂಡಿಗೆ ಮಾತ್ರ, ಹೆಣ್ಣು ಮಣ್ಣಿನ ಬಣ್ಣದ್ದು, ಕುತ್ತಿಗೆಯ ಹತ್ತಿರ ಒಂದಿಷ್ಟು ಹಸಿರು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ಗರಿಯನ್ನೆಲ್ಲ ಉದುರಿಸುತ್ತದೆ, ಆಗ ಅದು ಪೊದೆ ಬಿಟ್ಟು ಹೊರಗೆ ಬರಲು ನಾಚುತ್ತದೆ ಎಂದೂ ಹೇಳುತ್ತಿದ್ದಳು. ಉದುರಿದ ಗರಿ ಆರಿಸಿ ಕಟ್ಟು ಮಾಡಿ, ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ದರ್ಗಾದಲ್ಲಿ ಬೀಸುವ ಕುಂಚಕ್ಕೆಂದು ಊರ ಫಕೀರನಿಗೆ ಕೊಡುತ್ತಿದ್ದಳು. ಮರಿ ಹೇಗೆ ಆಗುತ್ತದೆ ಎಂದು ಕೇಳಿದಾಗ, ಕುಣಿಯುವಾಗ ಗಂಡಿನ ಕಣ್ಣಿಂದ ಬೀಳುವ ನೀರನ್ನು ಹೆಣ್ಣು ಕುಡಿಯುತ್ತದೆ, ಅಷ್ಟಕ್ಕೇ ತತ್ತಿ ಆಗುತ್ತದೆ ಎಂದಳು. ಚಿಕ್ಕವಳಿದ್ದಾಗ ನಂಬಿದೆ. ರಾಯಚೂರಿನ ಕಾಲೇಜಿಗೆ ಸೇರಿ, ಮೊದಲ ವರ್ಷದ ಪ್ರಾಣಿಶಾಸ್ತ್ರ ಓದಿ ಬೇಸಿಗೆಗೆ ಮನೆಗೆ ಬಂದವಳು, ಪಡಸಾಲೆಯಲ್ಲಿ ನಾಲ್ಕು ಜನ ಕುಳಿತಿರುವಾಗ ಆ ಮಾತು ತೆಗೆದು ನಕ್ಕೆ.

"ಕಣ್ಣೀರು ಕುಡದು ಬಸರ ಆಗತಾವಂತ! ಕೋಳಿ ಹೆಂಗೋ ನವಿಲೂ ಹಂಗ, ಅತ್ತಿ. ಎರಡೂ ಒಂದ ಕುಲ."

ಕುಳಿತಿದ್ದವರು ನಕ್ಕರು. ಅತ್ತೆಯೂ ನಕ್ಕಳು. "ಆತವ್ವ, ಪುಸ್ತಕದಾಗ ಬರದಿದ್ರ ಹಂಗ ಇರಬಕು" ಎಂದಳು. ಎರಡೂ ಒಂದೇ ಕುಲ ಎಂದದ್ದು ತಪ್ಪಲ್ಲ. ಆದರೆ ಒಂದೇ ಕುಲದವು ಎಲ್ಲದರಲ್ಲೂ ಒಂದೇ ಎಂದುಕೊಂಡಿದ್ದೆ ನಾನು.

ಆ ಬೇಸಿಗೆಯ ಹೊತ್ತಿಗೆ ಉಪಕಾಲುವೆ ನಮ್ಮ ಹೊಲದ ಮೇಲಂಚಿಗೆ ಬಂದು ನಾಲ್ಕಾರು ವರ್ಷವಾಗಿತ್ತು. ಮೊದಲ ಕೆಲವು ವರ್ಷ ನಮ್ಮವರಿಗೆ ನೀರು ಹಾಯಿಸುವುದೇ ತಿಳಿಯದೆ ಜೋಳವನ್ನೇ ಬಿತ್ತಿದ್ದರು. ಆಮೇಲೆ ಆಂಧ್ರದಿಂದ ಬಂದ ರೈತರು ಕ್ಯಾಂಪ್ ಹಾಕಿಕೊಂಡು ನೆಲ್ಲು ಬೆಳೆದದ್ದನ್ನು ತುರ್ವಿಹಾಳದ ಕಡೆ ಹೋಗಿ ನೋಡಿ ಬಂದ ಅಪ್ಪ, ಆ ವರ್ಷ ನೆಲ್ಲೇ ಎಂದು ತೀರ್ಮಾನಿಸಿದ್ದ. ನೆಲ್ಲಿಗೆ ಗದ್ದೆ ಮಟ್ಟವಾಗಬೇಕು. ಕಾಲುವೆಗೆ ನೀರು ಬಿಡುವ ಮೊದಲು ಡೋಜರ್ ತರಿಸಿ ಹೊಲವನ್ನೆಲ್ಲ ಮಟ್ಟ ಮಾಡಿಸುವುದು, ಹಳ್ಳದ ಮೂಲೆಯನ್ನೂ ಸೇರಿಸಿ.

ಅತ್ತೆ ಬೇಡವೆಂದಳು. "ಅಷ್ಟ ಮೂಲಿ ಬಿಟ್ರ ನಿನ್ನ ಕಣಜ ಬರಿದಾಗೂದಿಲ್ಲ" ಎಂದಳು. ಅಪ್ಪ, "ನೀರು ನಿಂದ್ರೂ ಜಾಗಾನ ಅದು, ಅದನ್ನ ಬಿಟ್ರ ಮತ್ಯಾವುದರಾಗ ಬೆಳೀಲಿ?" ಎಂದ. ಅವಳ ಹೆಸರಿಗೆ ಪಟ್ಟಾ ಇರಲಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಮೊದಲ ಮಳೆ ಬಿದ್ದ ವಾರ, ಪೊದೆ ಕಡಿಯಲು ಹೋದ ಆಳುಗಳು ಅಂಚಿನ ಎರಡು ಜಾಲಿ ಕಡಿದು ಎಳೆಯುವಾಗ ಕೆಳಗಿನಿಂದ ಹೆಣ್ಣು ನವಿಲೊಂದು ಬಡಬಡಿಸಿ ಎದ್ದು ಹೋಯಿತು. ನೆಲದಲ್ಲಿ ಒಂದು ತಗ್ಗು, ನಾಲ್ಕು ಒಣ ಎಲೆ, ಅದರಲ್ಲಿ ತತ್ತಿಗಳು. ಕೆನೆ ಬಣ್ಣದವು, ಕೋಳಿ ತತ್ತಿಗಿಂತ ಸಾಕಷ್ಟು ದೊಡ್ಡವು. ಅತ್ತೆ ಸಂಜೆಯವರೆಗೆ ದೂರದಲ್ಲಿ ಕುಳಿತು ಕಾದಳಂತೆ. ನೆರಳು ಹೋದ ಗೂಡಿಗೆ ಅದು ತಿರುಗಿ ಬರಲಿಲ್ಲ. ಮುಟ್ಟಿ ನೋಡಿದರೆ ತಣ್ಣಗಿದ್ದವು, ಇನ್ನೂ ಕಾವಿಗೆ ಕೂತಿರಲಿಲ್ಲ ಎಂದು ಅವಳ ಲೆಕ್ಕ. ಅವನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ನಮ್ಮದು ಲಿಂಗ ಕಟ್ಟುವ ಮನೆ. ಕೋಳಿ ಸಾಕುವುದು ದೂರ ಉಳಿಯಿತು, ತತ್ತಿ ಹೊಸ್ತಿಲು ದಾಟಿದ್ದೇ ಇಲ್ಲ. ಅವ್ವ ಬಾಗಿಲಲ್ಲೇ ತಡೆದಳು.

"ಅಕ್ಕಾರ, ಏನ್ರಿ ಇದು? ತತ್ತಿ ಉಡ್ಯಾಗ ಕಟ್ಕೊಂಡು ದೇವರ ಮನಿ ಮುಂದ ಬಂದೀರಲ್ಲ!"

"ತಿನ್ನಾಕ ತಂದಿಲ್ಲ ತಂಗಿ, ಉಳಸಾಕ ತಂದೀನಿ."

"ಉಳಸೂರು ಹೊರಗ ಉಳಸ್ರಿ. ಮದಲ ಜಳಕಾ ಮಾಡ್ರಿ."

ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಕುರುಬರ ಹೆಂಗಸೊಬ್ಬಳು ಕೋಳಿ ಸಾಕಿ ಮಸ್ಕಿ ಸಂತೆಯಲ್ಲಿ ಮಾರುತ್ತಿದ್ದಳು. ಅವಳ ಒಂದು ಕೋಳಿ ಆಗ ತಾನೇ ಕಾವಿಗೆ ಕೂತಿತ್ತು. ಅತ್ತೆ ಅವಳನ್ನು ಕಾಡಿ ಬೇಡಿ ಒಪ್ಪಿಸಿದಳು. ಕೋಳಿ, ಪುಟ್ಟಿ, ಹೊಟ್ಟು ಎಲ್ಲ ನಮ್ಮ ದನದ ಕೊಟ್ಟಿಗೆಗೆ ಬಂದವು. ಕೋಳಿಯ ತತ್ತಿ ತೆಗೆದು ನವಿಲಿನವನ್ನು ಇಟ್ಟಾಗ ಕೋಳಿ ಒಂದು ಸಲ ಕೊಕ್ಕಿನಿಂದ ಹೊರಳಿಸಿ ನೋಡಿ, ಮೈ ಅಗಲಿಸಿ ಕೂತಿತು.

"ನೋಡ್ರಿ ಅವ್ವಾರ, ನಿಮ್ಮ ನವಿಲಿಗೆ ನನ್ನ ಕೋಳಿ ದಾಯಿ ಆತು" ಎಂದು ಆ ಹೆಂಗಸು ನಕ್ಕಳು. "ಇಪ್ಪತ್ತೊಂದು ದಿನಾ. ಗ್ವಾಡಿಗೆ ಗೆರಿ ಎಳೀತಾ ಹೋಗ್ರಿ."

ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅತ್ತೆ ಅವನತ್ತ ತಿರುಗಿ, "ಮರಿ ಆದ ಮ್ಯಾಲ ಇವು ಎಲ್ಲಿ ಹೋಗಬಕು, ಹೇಳು?" ಎಂದಳು.

ಅವನು ಒಳಗೆ ಬಂದು ಪುಟ್ಟಿಯೊಳಗೆ ಬಗ್ಗಿ ನೋಡಿದ. ಆಮೇಲೆ ಹೇಳಿದ: "ಆತಕ್ಕಾ. ಮರಿ ಆದ್ರ ಆ ಮೂಲಿ ಹೆಂಗೈತಿ ಹಂಗ ಬಿಡ್ತೀನಿ. ಆಗ್ಲಿಲ್ಲಂದ್ರ, ಡೋಜರಿನಾಂವ ಬಂದಾಗ ನೀ ಅಡ್ಡ ನಿಂದ್ರಬಾರದು."

"ಕಬೂಲ್" ಎಂದಳು ಅತ್ತೆ.

ಮನೆಯಲ್ಲಿ ಯಾರಿಗೂ ಕೋಳಿಯ ಬಗ್ಗೆ ಏನೂ ತಿಳಿದಿರಲಿಲ್ಲ. ಆದ್ದರಿಂದ ಕುರುಬರ ಹೆಂಗಸು ಹೇಳಿದ ಇಪ್ಪತ್ತೊಂದೇ ನಮಗೆ ಶಾಸನವಾಯಿತು. ಅತ್ತೆ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಮೊದಲು ಕೊಟ್ಟಿಗೆಗೆ ಹೋಗಿ ಇದ್ದಲಿನಿಂದ ಗೋಡೆಗೆ ಒಂದು ಗೆರೆ ಎಳೆದು, ಕೋಳಿಗೆ ನುಚ್ಚು, ನೀರು ಇಟ್ಟು, ಮತ್ತೆ ಜಳಕ ಮಾಡಿ ಒಳಗೆ ಬರುತ್ತಿದ್ದಳು. ಎರಡೆರಡು ಜಳಕ ನೋಡಿ ಅವ್ವ ನೀರಿನ ಕೊಡ ಎತ್ತಿ ಇಡುವಾಗ ಸದ್ದು ಮಾಡುತ್ತಿದ್ದಳು. ನಾನು ಆಗೀಗ ಹೋಗಿ ನೋಡುತ್ತಿದ್ದೆ. ದಿನಚರಿಯಲ್ಲಿ ಹದಿಮೂರನೆಯ ದಿನದ್ದೆಂದು ಒಂದು ಸಾಲಿದೆ: ಕೋಳಿಗೆ ತಾನು ಯಾರಿಗೆ ಕಾವು ಕೊಡುತ್ತಿದ್ದೇನೆ ಎಂಬುದು ಗೊತ್ತಿಲ್ಲ. ಬುದ್ಧಿವಂತಿಕೆಯ ಸಾಲು ಎಂದು ಆಗ ಅನ್ನಿಸಿರಬೇಕು.

ಇಪ್ಪತ್ತೊಂದನೆಯ ಗೆರೆ ಬಿದ್ದ ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಕುರುಬರ ಹೆಂಗಸು ಬಂದು ಕೋಳಿಯ ಎದೆ ಮುಟ್ಟಿ ನೋಡಿದಳು.

"ಒಣಗಿ ಕಡ್ಡಿ ಆಗೈತ್ರಿ ಅವ್ವಾರ. ಇದು ತತ್ತಿ ಇರೂತನಾ ಏಳಂಗಿಲ್ಲ, ಸಾಯತೈತಿ. ನನಗ ಇದೊಂದ ಚಲೋ ಹ್ಯಾಟಿ ಕೋಳಿ."

"ಇನ್ನ ನಾಕ ದಿನಾ ನೋಡೂಣು" ಎಂದಳು ಅತ್ತೆ. "ತತ್ತಿ ದೊಡ್ಡವು. ದೊಡ್ಡವಕ್ಕ ತಡಾ ಆಗತಿರಬಕು."

ಡೋಜರು ಪಕ್ಕದ ಹೊಲದಲ್ಲಿ ಕೆಲಸ ಮುಗಿಸುತ್ತಿತ್ತು. ಅದರ ಸದ್ದು ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಅಪ್ಪ ಬಂದ. ಇಬ್ಬರ ಮಾತೂ ಕೇಳಿದ. ಆಗ ಹೇಳಿದ್ದೇ ಆ ಮಾತು:

"ಯಾಕ ಜಗಳಾಡತೀರಿ? ಮನ್ಯಾಗ ಸೈನ್ಸ್ ಓದಾಕಿ ಅದಾಳ. ಆಕಿನ್ನ ಕೇಳ್ರಿ. ಆಕಿ ಏನಂತಾಳ ಅದ ಫೈಸಲಾ."

ನನ್ನನ್ನು ಕರೆದರು. ಆ ಕ್ಷಣ ನನಗೆ ಹೇಗನ್ನಿಸಿತು ಎಂಬುದನ್ನು ಮರೆತಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಹಿಗ್ಗಿತ್ತು. ಹದಿನೆಂಟರ ಹುಡುಗಿಯ ಮಾತಿಗೆ ಮೂವರು ಹಿರಿಯರು ಕಾಯುತ್ತಿದ್ದರು. ನನಗೆ ಗೊತ್ತಿಲ್ಲ ಎಂದು ಹೇಳುವುದು ಸಾಧ್ಯವಿತ್ತು, ಅದೇ ನಿಜವೂ ಆಗಿತ್ತು. ನಾವು ಓದಿದ್ದು ಕಪ್ಪೆ, ಜಿರಳೆ, ಕೋಳಿಯ ಭ್ರೂಣದ ನಾಲ್ಕು ಚಿತ್ರ. ನವಿಲಿನ ಬಗ್ಗೆ ಒಂದು ಅಕ್ಷರವಿರಲಿಲ್ಲ. ಆದರೂ ಬಕೆಟ್ಟಿನಲ್ಲಿ ನೀರು ತರಿಸಿದೆ. ಕೆಟ್ಟ ತತ್ತಿ ತೇಲುತ್ತದೆ, ಒಳ್ಳೆಯದು ಮುಳುಗುತ್ತದೆ ಎಂದು ಎಲ್ಲೋ ಓದಿದ್ದೆ, ಬಹುಶಃ ಒಂದು ಪತ್ರಿಕೆಯ ಅಡುಗೆ ಅಂಕಣದಲ್ಲಿ. ಒಂದೊಂದಾಗಿ ನೀರಿಗೆ ಬಿಟ್ಟೆ. ಎಲ್ಲವೂ ತೇಲಿದವು.

"ಒಂದು ಅಲಗ್ಯಾಡಾಕತ್ತೈತಿ ನೋಡು" ಎಂದಳು ಅತ್ತೆ, ಬಗ್ಗಿ.

"ನೀರು ಅಲಗ್ಯಾಡತೈತಿ ಅತ್ತಿ. ಇವು ಕೆಟ್ಟಾವ. ಇನ್ನ ಕಾದ್ರೂ ಏನೂ ಆಗಂಗಿಲ್ಲ."

ಅವಳು ತತ್ತಿಗಳನ್ನು ಒಂದೊಂದಾಗಿ ನೀರಿನಿಂದ ಎತ್ತಿದಳು. ಸೆರಗಿನಿಂದ ತತ್ತಿಗಳನ್ನು ಒರೆಸಿದಳು, ಎಸೆಯುವುದಕ್ಕೆ ಒರೆಸುವುದೇಕೆ ಎಂದು ನಾನು ಅಂದುಕೊಂಡದ್ದು ನೆನಪಿದೆ. ಕುರುಬರ ಹೆಂಗಸು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು, ತತ್ತಿಗಳನ್ನು ಪುಟ್ಟಿಯಲ್ಲಿ ಹಾಕಿಕೊಂಡು ಹಳ್ಳದ ಕಡೆ ಹೋದಳು. ಮರುದಿನ ಸಿಕ್ಕಾಗ, "ಒಂದು ಒಡದು ನೋಡೀನವ್ವಾ, ಒಳಗ ಮರಿ ಇತ್ತು" ಎಂದಳು. ಸತ್ತಿತ್ತು ಎಂದೂ ಹೇಳಿದಳು ಎಂಬುದು ನನ್ನ ನೆನಪು. ಹಾಗೆ ಹೇಳಿರಬೇಕು ಎಂದು ನಾನು ಬಯಸುತ್ತಿರುವುದೂ ಇರಬಹುದು. ಮರಿ ಬೆಳೆದು ಒಳಗೇ ಸತ್ತಿದೆ, ಹಾಗಾದರೆ ನನ್ನ ಮಾತು ಸರಿಯೇ ಎಂದು ಅಂದು ಸಮಾಧಾನ ಮಾಡಿಕೊಂಡೆ. ದಿನಚರಿಯಲ್ಲಿ ಬರೆದಿರುವುದು ಇಷ್ಟು: ಆರೂ ತತ್ತಿ ಹಾಳಾದವು, ಅತ್ತೆಗೆ ಬೇಸರ. ನಾನು ಏನು ಹೇಳಿದೆ ಎಂಬುದು ಅಲ್ಲಿಲ್ಲ.

ಅದರ ಮರುದಿನವೋ ಮೂರನೆಯ ದಿನವೋ ಡೋಜರು ನಮ್ಮ ಹೊಲಕ್ಕೆ ಬಂತು. ಅತ್ತೆ ಅಡ್ಡ ನಿಲ್ಲಲಿಲ್ಲ. ಆ ದಿನ ಅವಳು ಹೊಲಕ್ಕೇ ಹೋಗಲಿಲ್ಲ, ಮನೆಯಲ್ಲಿ ಕುಳಿತು ಒಂದು ಚೀಲ ಹುಣಸೆ ಬಿಡಿಸಿದಳು. ಕಲ್ಲುಗುಪ್ಪೆಯನ್ನು ಹಳ್ಳಕ್ಕೆ ನೂಕಿದರು. ಸಂಜೆಯ ಹೊತ್ತಿಗೆ ಮೂಲೆ ಹೊಲದ ಜೊತೆ ಸೇರಿ ಒಂದೇ ಮಟ್ಟವಾಯಿತು. ಆ ವರ್ಷ ನೆಲ್ಲು ಚೆನ್ನಾಗಿ ಬಂತು. ಅದನ್ನೂ ಹೇಳಬೇಕು. ಮನೆಯಲ್ಲಿ ಮೊದಲ ಸಲ ಹಬ್ಬವಲ್ಲದ ದಿನವೂ ಅನ್ನ ಉಂಡೆವು, ನನ್ನ ಮುಂದಿನ ಓದಿಗೆ ದಾರಿಯಾದದ್ದೂ ಆ ನೆಲ್ಲೇ. ನವಿಲುಗಳು ಎರಡು ಮಳೆಗಾಲ ಹಳ್ಳದ ಆಚೆಯಿಂದ ಕೇಗಿದ್ದು ಕೇಳಿತು. ಆಮೇಲೆ ಆಚೆಯ ದಂಡೆಯೂ ಗದ್ದೆಯಾಯಿತು. ಅವ್ವನ ತವರು ಲಿಂಗಸುಗೂರಿನ ಕಡೆಯ ಕಲ್ಲುಗುಡ್ಡಗಳಲ್ಲಿ, ಕಾಲುವೆ ಹೋಗದ ನೆಲದಲ್ಲಿ, ಅವು ಹಾಗೆಯೇ ಇದ್ದವು. ಅಲ್ಲಿಗೆ ಹೋದಾಗ ಕೇಗು ಕೇಳಿದರೆ ಅತ್ತೆ ಮಾತು ನಿಲ್ಲಿಸಿ ಕೇಳುತ್ತಿದ್ದಳು. ನನಗೆ ಮಾತ್ರ ಅವಳು ಎಷ್ಟೋ ವರ್ಷ ನವಿಲಿನ ಬಗ್ಗೆ ಏನನ್ನೂ ಹೇಳಲಿಲ್ಲ. ನಾನೇ ಕೇಳಿದರೂ, "ನೀ ಓದಿದಾಕಿ, ನಿನಗ ಗೊತ್ತಿರತೈತಿ" ಎನ್ನುತ್ತಿದ್ದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಧಾರವಾಡದಲ್ಲಿ ಎಂ.ಎಸ್‌ಸಿ. ಓದುವಾಗ ಗ್ರಂಥಾಲಯದಲ್ಲಿ ಹಕ್ಕಿಗಳ ಒಂದು ದಪ್ಪ ಪುಸ್ತಕ ಸಿಕ್ಕಿತು. ನವಿಲಿನ ಅಧ್ಯಾಯವನ್ನು ಖುಷಿಯಿಂದಲೇ ತೆರೆದೆ. ಜಗತ್ತಿನಲ್ಲಿ ನವಿಲಿನ ಜಾತಿ ಮೂರೇ ಎಂದಿತ್ತು. ನಮ್ಮದು ನೀಲಿ ನವಿಲು, ಭಾರತ ಮತ್ತು ಸಿಂಹಳದ್ದು. ಬರ್ಮಾ, ಜಾವಾ ಕಡೆಯದು ಹಸಿರು ನವಿಲು. ಅದರ ಕತ್ತಿನ ಗರಿಗಳು ಮೀನಿನ ಹುರುಪೆಯಂತೆ, ಹೆಣ್ಣೂ ಹೆಚ್ಚುಕಡಿಮೆ ಗಂಡಿನಷ್ಟೇ ಬಣ್ಣದ್ದು, ಉದ್ದ ಗರಿಯೊಂದು ಇಲ್ಲ ಅಷ್ಟೆ. ಮೂರನೆಯದು ಆಫ್ರಿಕಾದ ಕಾಂಗೋ ಕಾಡಿನದು, ಗಿಡ್ಡ, ಗರಿಯ ಹೊರೆಯೇ ಇಲ್ಲದ್ದು. ಬಿಳಿ ನವಿಲು ಬೇರೆ ಜಾತಿಯಲ್ಲ, ಬಣ್ಣ ಕಳೆದುಕೊಂಡು ಹುಟ್ಟಿದ ನೀಲಿಯೇ. ನಾವು ಬಾಲ ಎನ್ನುವುದು ಬಾಲವಲ್ಲ, ಬೆನ್ನಿನ ಕೆಳಗೆ ಬೆಳೆಯುವ ನೂರೈವತ್ತರಷ್ಟು ಗರಿ. ನಿಜವಾದ ಬಾಲ ಅದರ ಹಿಂದೆ ಊರುಗೋಲಿನಂತೆ ನಿಂತು ಆ ಹೊರೆಯನ್ನು ಎತ್ತಿ ಹಿಡಿಯುತ್ತದೆ. ಮಳೆಗಾಲದ ಕೊನೆಗೆ ಆ ಗರಿಗಳು ಉದುರುತ್ತವೆ. ಅತ್ತೆ ಹೇಳಿದ್ದೇ.

ಕಾಂಗೋ ನವಿಲಿನ ಕಥೆ ಓದುತ್ತ ಮೈಮರೆತೆ. ಒಬ್ಬ ವಿಜ್ಞಾನಿಗೆ ಆ ಕಾಡಿನವರ ತಲೆಯುಡುಗೆಯಲ್ಲಿ ಯಾವುದೋ ಹಕ್ಕಿಯ ಗರಿಯೊಂದು ಸಿಕ್ಕಿತು. ಅದು ಯಾವ ಹಕ್ಕಿಯದು ಎಂದು ಯಾರಿಗೂ ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಮೇಲೆ ಒಳಗೆ ಹತ್ತಿ ತುಂಬಿ ಕಾದಿಟ್ಟ ಅದೇ ಹಕ್ಕಿಯ ಎರಡು ದೇಹಗಳು ಒಂದು ವಸ್ತುಸಂಗ್ರಹಾಲಯದಲ್ಲಿ ಕಣ್ಣಿಗೆ ಬಿದ್ದವು, ಸಾಕಿದ ನೀಲಿ ನವಿಲಿನ ಮರಿಗಳು ಎಂಬ ಚೀಟಿಯ ಕೆಳಗೆ. ಓದಿದವರು ಬರೆದ ಚೀಟಿ. ಇದನ್ನು ಓದಿ ನಕ್ಕೆ.

ಪುಟ ತಿರುಗಿಸಿದೆ. ಹೆಣ್ಣು ನೆಲದ ತಗ್ಗಿನಲ್ಲಿ ನಾಲ್ಕರಿಂದ ಎಂಟು ತತ್ತಿ ಇಡುತ್ತದೆ, ಕಾವಿನ ಅವಧಿ ಇಪ್ಪತ್ತೆಂಟರಿಂದ ಮೂವತ್ತು ದಿನ ಎಂದಿತ್ತು.

ಅದೇ ವಾರ, ಬೇಕೆಂದೇ, ಇನ್ನೊಂದು ಪುಸ್ತಕ ಹುಡುಕಿ ತೆಗೆದೆ. ಕಾವಿನಲ್ಲಿರುವ ಯಾವ ತತ್ತಿಯಾದರೂ ದಿನ ಕಳೆದಂತೆ ಒಳಗಿನ ನೀರು ಆರಿ, ಗಾಳಿಯ ಜಾಗ ಹಿಗ್ಗಿ, ಕೊನೆಯ ದಿನಗಳಲ್ಲಿ ತೇಲುತ್ತದೆ. ಜೀವ ಇರುವ ಮರಿ ಒಳಗೆ ಹೊರಳಿದರೆ ನೀರಿನಲ್ಲಿ ತತ್ತಿ ಅಲುಗಬಹುದು. ಇನ್ನೊಂದು ವಾರ ಸುಮ್ಮನಿದ್ದಿದ್ದರೆ ಸಾಕಿತ್ತು. ಅತ್ತೆ ಕೇಳಿದ್ದು ನಾಲ್ಕು ದಿನ. ಆ ನಾಲ್ಕು ಮುಗಿದ ಮೇಲೆ ಇನ್ನೆರಡು ಕೇಳುತ್ತಿದ್ದಳು, ಅವಳು ಹಾಗೆಯೇ.

ದಸರೆಯ ರಜೆಗೆ ಊರಿಗೆ ಹೋದಾಗ ಅವಳಿಗೆ ಹೇಳಿದೆ. ಹೇಳುವುದು ಅವಳಿಗಾಗಿಯೋ ನನಗಾಗಿಯೋ ಎಂದು ಬಸ್ಸಿನಲ್ಲಿ ಬರುವಾಗ ಕೇಳಿಕೊಂಡಿದ್ದೆ, ಉತ್ತರ ಸಿಗುವ ಮೊದಲೇ ಸಿಂಧನೂರು ಬಂದಿತ್ತು. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹೊಸ ಅಕ್ಕಿ, ನಮ್ಮದೇ ಗದ್ದೆಯದು.

"ಅತ್ತಿ, ನವಿಲಿನ ತತ್ತಿಗೆ ಇಪ್ಪತ್ತೆಂಟು ದಿನಾ ಬೇಕಂತ. ನಾ ತಪ್ಪು ಹೇಳಿದ್ನಿ ಆವತ್ತು."

"ಹೌದೇನು" ಎಂದಳು. ಕಲ್ಲು ಆರಿಸುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಎಂಬಂತೆ ಹೇಳಿದಳು: "ನಿಮ್ಮಪ್ಪ ಸಣ್ಣಾಂವಿದ್ದಾಗ ದನಾ ಕಾಯಾಕ ಹೋಗಿ, ದನಾ ಬಿಟ್ಟು ಹಳ್ಳದಾಗ ನವಿಲಿನ ಗೂಡು ಕಾಯತಿದ್ದ. ಅಮಾಸಿಯಿಂದ ಅಮಾಸಿಮಟ. ಮರಿ ಹೊರಗ ಬಂದ ದಿನಾ ಓಡಿ ಬಂದು ನಮಗೆಲ್ಲಾ ಹೇಳಿದ್ದ. ಅಪ್ಪನ ಕಡಿಂದ ಹೊಡತಾ ತಿಂದಿದ್ದ, ಪಾಪ."

"ಅಂದ್ರ ನಿನಗೂ ಗೊತ್ತಿತ್ತಲ್ಲ ಅತ್ತಿ?"

"ನನಗೆಲ್ಲಿ ನೆಪ್ಪಿತ್ತವ್ವ. ಈಗ ನೀ ಹೇಳಿದ ಮ್ಯಾಲ ನೆಪ್ಪಾತು."

ಈ ಮಾತನ್ನು ನಾನು ಪೂರ್ತಿ ನಂಬಲಾರೆ, ಬಿಡಲೂ ಆರೆ. ಅಮಾವಾಸ್ಯೆಯಿಂದ ಅಮಾವಾಸ್ಯೆ ಎಂದರೆ ಒಂದು ತಿಂಗಳು. ಅದು ನಿಜವಾಗಿ ನಡೆದದ್ದೋ, ನನ್ನ ಇಪ್ಪತ್ತೆಂಟನ್ನು ಕೇಳಿದ ಮೇಲೆ ಅವಳ ನೆನಪು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡದ್ದೋ? ನನ್ನನ್ನು ಸಮಾಧಾನಪಡಿಸಲು ಅವಳು ಕಟ್ಟಿದ ಮಾತೂ ಇರಬಹುದು. ಅವಳಿಗೆ ಅದು ಬರುತ್ತಿತ್ತು. ಮತ್ತೆ ಕೇಳಿದಾಗ, "ಹೋಗಲಿ ಬಿಡು" ಎಂದಳು. ನಾನು ಧಾರವಾಡದಲ್ಲೇ ಕೆಲಸಕ್ಕೆ ಸೇರಿದ ವರ್ಷವೇ ಅವಳು ಹೋದಳು.

ಅವಳು ಹೋದ ಮೇಲೆ ಒಂದು ಸಲ, ಎಪ್ಪತ್ತರ ದಶಕ ಮುಗಿಯುತ್ತಿತ್ತು, ಅಪ್ಪನ ಜೊತೆ ಗದ್ದೆಯ ಬದುವಿನ ಮೇಲೆ ನಡೆಯುತ್ತ ಹಳ್ಳದ ತಿರುವಿನವರೆಗೆ ಹೋದೆ. ಕೇಳಲೇಬೇಕು ಎಂದು ಧಾರವಾಡದಿಂದಲೇ ಹೊರಟಿದ್ದೆ. ಅವನಿಗೆ ಗೊತ್ತಿತ್ತು ಎಂದಾದರೆ, ಆ ದಿನ ಕೊಟ್ಟಿಗೆಯಲ್ಲಿ ನನ್ನನ್ನು ಕರೆಸಿದ್ದು ನನ್ನ ಓದಿನ ಮೇಲಿನ ಹೆಮ್ಮೆಯಿಂದಲ್ಲ. ಗೊತ್ತಿರಲಿಲ್ಲ ಎಂದಾದರೆ ತಪ್ಪು ಪೂರ್ತಿ ನನ್ನದೇ. ಗೊತ್ತಿತ್ತು ಎಂದರೆ ನನಗೆ ಹಗುರಾಗುತ್ತಿತ್ತು, ಅದಕ್ಕೇ ಈ ಅನುಮಾನದ ಮೇಲೆ ನನಗೇ ಅನುಮಾನ. ನೀರಿಗೆ ಬಿಟ್ಟವಳು ನಾನು, ಅಲುಗಿದ್ದನ್ನು ನೀರು ಎಂದವಳೂ ನಾನು. ಅದನ್ನು ಯಾವ ಉತ್ತರವೂ ಬದಲಿಸುವುದಿಲ್ಲ.

ಆದರೂ ಕೇಳಿದೆ. ಅಪ್ಪ ಬದು ಒಡೆದ ಕಡೆ ಬಗ್ಗಿ ಕೆಸರು ಎತ್ತಿ ಮೆತ್ತುತ್ತಿದ್ದ. ಕೇಳಿಸಿತು, ಅದು ನನಗೆ ಗೊತ್ತು, ಕೈ ಒಂದು ಕ್ಷಣ ನಿಂತಿತು. ಆಮೇಲೆ ಇನ್ನೊಂದು ಹಿಡಿ ಕೆಸರು ಎತ್ತಿದ. ಈಗ ಅವನಿಗೆ ಎಂಬತ್ತು ದಾಟಿದೆ, ನಾವು ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ, ಅದೊಂದನ್ನು ಬಿಟ್ಟು. ಅಂದು ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ನವಿಲಿನ ತತ್ತಿಗೆ ತಿಂಗಳು ಬೇಕಂತ ನಿನಗ ಆವತ್ತು ಗೊತ್ತಿತ್ತೇನು?"